ಚಿನ್ನ ಬಿಟ್ಟು ಘಟ್ಟ ಹತ್ತಿದ ಸಿಪಾಯಿಗಳು

ಪ್ರಶ್ನೆ: ಸರ್, ನಾವು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿದ್ದೇವೆ. ಹಾಸನದಿಂದ ಅತ್ತೆ ಮಾವ ಬಂದಿದ್ದಾರೆ. ಹೋದ ತಿಂಗಳು ಹೈವೇ 88ರಲ್ಲಿ ಹೋಗುವಾಗ ಸಿಲ್ವರ್ ಲೇಕ್ ಹತ್ತಿರ ‘ಟ್ರಾಜಿಡಿ ಸ್ಪ್ರಿಂಗ್’ ಅಂತ ಬೋರ್ಡ್ ನೋಡಿ ಇಳಿದೆವು. ಮೆಕ್ಸಿಕೋ ಯುದ್ಧ ಮುಗಿಸಿ ಮನೆಗೆ ಹೊರಟಿದ್ದ ಮಾರ್ಮನ್ ಸಿಪಾಯಿಗಳಲ್ಲಿ ಮೂವರು 1848ರಲ್ಲಿ ಅಲ್ಲಿ ಕೊಲೆಯಾದರಂತೆ. ಅವರು ಮಹಾ ಯುದ್ಧ ಮಾಡಿದ ವೀರರು, ಗುರು ಕರೆದ ಅಂತ ಚಿನ್ನವನ್ನೇ ಬಿಟ್ಟು ಹೊರಟರು ಅಂತ ಒಬ್ಬ ಸ್ನೇಹಿತರು ಹೇಳಿದರು. ಇನ್ನೊಬ್ಬರು, ಅದೆಲ್ಲ ಕಥೆ, ಚಿನ್ನಕ್ಕಾಗಿಯೇ ಕೊಲೆಯಾಯ್ತು ಅಂದರು. ನಮ್ಮ ಮಾವ ಮಾತ್ರ ಒಂದೇ ಮಾತು ಕೇಳಿದರು: “ಕಾಲ ಕೆಳಗೆ ಚಿನ್ನ ಸಿಕ್ಕಿದ ಮೇಲೆ ಯಾರಾದ್ರೂ ಬೆಟ್ಟ ಹತ್ತಿ ಮನೆಗೆ ಹೋಗ್ತಾರಾ?” ನಿಜ ಏನು? ಆ ದಾರಿಯಲ್ಲಿ ಅವರನ್ನು ಸ್ವಲ್ಪ ದೂರ ನಡೆಸಿಕೊಂಡು ಹೋಗಬಹುದಾ? ಮಾವನಿಗೆ ಬಿಪಿ ಇದೆ, ಮಾತ್ರೆ ತಗೊಳ್ತಾರೆ.

ಉತ್ತರ: ನಿಮ್ಮ ಮಾವನವರ ಪ್ರಶ್ನೆಯೇ ಇದರಲ್ಲಿ ಒಳ್ಳೆಯದು. ಅಮೆರಿಕದ ಇತಿಹಾಸ ಪಾಠ ಮಾಡುತ್ತಾ ಎಷ್ಟೋ ಬೇಸಿಗೆಗಳಲ್ಲಿ ಹುಡುಗರನ್ನು ಆ ಒರತೆಯ ಹತ್ತಿರ ಕರೆದುಕೊಂಡು ಹೋಗಿದ್ದೇನೆ. ಎಲ್ಲರೂ ಕೊಲೆಯ ಬಗ್ಗೆ ಕೇಳುತ್ತಾರೆ, ಮನೆಯ ಬಗ್ಗೆ ಕೇಳುವವರು ಕಡಿಮೆ. ಆದರೆ ಈ ಕಥೆಯ ಗಂಟು ಇರುವುದು ‘ಮನೆ’ ಅನ್ನುವ ಮಾತಿನಲ್ಲಿ. ಸೇನೆಯಿಂದ ಬಿಡುಗಡೆಯಾದ ದಿನ ಆ ಸಿಪಾಯಿಗಳಿಗೆ ತಮ್ಮ ಮನೆ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ.

ಮೊದಲು ಅವರು ಯಾರು ಅಂತ ನೋಡೋಣ. ಮಾರ್ಮನ್ನರು ಅಂದರೆ ಜೋಸೆಫ್ ಸ್ಮಿತ್ 1830ರಲ್ಲಿ ಶುರುಮಾಡಿದ ಕ್ರೈಸ್ತ ಪಂಥದವರು. ನೆರೆಹೊರೆಯವರ ಜೊತೆ ಎಲ್ಲಿ ಹೋದರೂ ಜಗಳ. 1844ರಲ್ಲಿ ಗುಂಪೊಂದು ಜೈಲಿಗೆ ನುಗ್ಗಿ ಸ್ಮಿತ್‌ನನ್ನು ಕೊಂದಿತು. 1846ರ ಫೆಬ್ರವರಿಯ ಚಳಿಯಲ್ಲಿ ಇಲಿನಾಯ್ ರಾಜ್ಯದ ನಾವೂ ಊರಿನಿಂದ ಜನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. ಹೊಸ ನಾಯಕ ಬ್ರಿಗಮ್ ಯಂಗ್. ರಾಕಿ ಬೆಟ್ಟಗಳ ಆಚೆ ಎಲ್ಲೋ ನೆಲೆ ಊರಬೇಕು ಅನ್ನುವುದಷ್ಟೇ ನಿಕ್ಕಿಯಾಗಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕ ಮೆಕ್ಸಿಕೋ ಮೇಲೆ ಯುದ್ಧ ಸಾರಿತು. ಸರ್ಕಾರದ ಕ್ಯಾಪ್ಟನ್ ಒಬ್ಬ ಇವರ ಬಿಡಾರಕ್ಕೇ ಬಂದು 500 ಜನ ಬೇಕು, ಒಂದು ವರ್ಷದ ಸೇವೆ ಅಂದ.

ಇಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಕಷ್ಟದಲ್ಲಿದ್ದವರ ಗಂಡಸರನ್ನು ಸರ್ಕಾರ ಬಲವಂತವಾಗಿ ಎಳೆದುಕೊಂಡು ಹೋಯಿತು ಅಂತ. ಹಾಗಲ್ಲ. ಯಂಗ್ ಕಡೆಯವರೇ ಮೊದಲು ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ಪೋಕ್ ಹತ್ತಿರ ಸಹಾಯ ಕೇಳಿದ್ದರು. ಸೇನೆಗೆ ಸೇರಿದ ಒಬ್ಬೊಬ್ಬನಿಗೂ ವರ್ಷದ ಬಟ್ಟೆ ಭತ್ಯೆ 42 ಡಾಲರ್. 500 ಜನಕ್ಕೆ ಲೆಕ್ಕ ಹಾಕಿ, 21,000 ಡಾಲರ್. ಸಿಪಾಯಿಗಳು ಹಳೇ ಬಟ್ಟೆಯಲ್ಲೇ ನಡೆದರು. ಆ ದುಡ್ಡಿನಲ್ಲಿ ದೊಡ್ಡ ಪಾಲು ಮಿಸೌರಿ ನದಿ ದಡದ ಬಿಡಾರಗಳಿಗೆ, ಹೆಂಡತಿ ಮಕ್ಕಳ ಗಾಡಿ ಮತ್ತು ಜೋಳದ ಖರ್ಚಿಗೆ ಹೋಯಿತು. ಮನೆಯಲ್ಲಿ ತಿನ್ನುವ ಬಾಯಿ ಜಾಸ್ತಿ ಇದ್ದಾಗ ಒಬ್ಬ ಮಗ ದೂರದ ಕೆಲಸಕ್ಕೆ ಹೋಗುತ್ತಾನಲ್ಲ, ಹಾಗೆ. ಎಲ್ಲರೂ ಖುಷಿಯಿಂದ ಹೋದರು ಅಂತ ನಾನು ಹೇಳುವುದಿಲ್ಲ. ಡೈರಿಗಳಲ್ಲಿ ಗೊಣಗಾಟ ಬೇಕಾದಷ್ಟಿದೆ.

ಇನ್ನು ‘ಮಹಾ ಯುದ್ಧ’. ಇವರು ಮೆಕ್ಸಿಕೋ ಸೇನೆಯ ಜೊತೆ ಒಂದು ಯುದ್ಧವನ್ನೂ ಮಾಡಲಿಲ್ಲ. 1846ರ ಜುಲೈ 16ಕ್ಕೆ ಸೇರಿದರು. ಸಾಂಟಾ ಫೆ, ಟೂಸಾನ್ ಹಾದು 1847ರ ಜನವರಿ 29ಕ್ಕೆ ಸ್ಯಾನ್ ಡಿಯಾಗೋ ಮುಟ್ಟಿದರು. ಸುಮಾರು 2,000 ಮೈಲಿ, ಜಾಸ್ತಿ ಪಾಲು ಮರುಭೂಮಿ. ಕಾಯಿಲೆ ಬಿದ್ದವರನ್ನು ದಾರಿಯಲ್ಲೇ ಕೊಲರಾಡೋದ ಪ್ಯೂಬ್ಲೋಗೆ ಕಳಿಸಿದ್ದರಿಂದ ಕೊನೆಗೆ ತಲುಪಿದವರು 340ರ ಆಸುಪಾಸು. ಅವರು ಕಂಡ ಒಂದೇ ‘ಕಾಳಗ’ ಅರಿಜೋನಾದ ಸ್ಯಾನ್ ಪೆಡ್ರೋ ನದಿಯ ಹತ್ತಿರ, ಕಾಡುಬಿದ್ದ ಗೂಳಿಗಳ ಜೊತೆ. ಗೂಳಿಗಳು ಸಾಲಿನೊಳಗೆ ನುಗ್ಗಿ ಹೇಸರಗತ್ತೆಗಳನ್ನು ತಿವಿದವು, ಜನರಿಗೂ ಪೆಟ್ಟಾಯಿತು. ಕಮಾಂಡರ್ ಫಿಲಿಪ್ ಕುಕ್, ತಲುಪಿದ ಮಾರನೇ ದಿನ, ಇತಿಹಾಸ ಹುಡುಕಿದರೂ ಇಂಥ ಕಾಲಾಳು ನಡಿಗೆ ಸಿಗುವುದಿಲ್ಲ ಅಂತ ಹೊಗಳಿದ. ದಣಿದ ಸಿಪಾಯಿಗಳಿಗೆ ಅಧಿಕಾರಿ ತಟ್ಟಿದ ಬೆನ್ನು ಅದು. ಅದನ್ನೇ ಟೇಪು ಹಿಡಿದು ಅಳೆದ ದಾಖಲೆ ಅನ್ನುವಂತೆ ಹೇಳುವವರಿದ್ದಾರೆ, ಅದು ಬೇಡ. ನಡಿಗೆ ದೊಡ್ಡದೇ, ಅನುಮಾನವಿಲ್ಲ.

ಈಗ ಮನೆಗೆ ಹೋಗುವ ವಿಷಯ. 1847ರ ಜುಲೈ 16ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಅವರ ಬಿಡುಗಡೆಯಾಯಿತು. ಸೇನೆ ಬಂದೂಕನ್ನು ಅವರಿಗೇ ಬಿಟ್ಟುಕೊಟ್ಟಿತು. ಗಾಡಿ, ಹಡಗು, ದಾರಿಖರ್ಚು ಯಾವುದೂ ಇಲ್ಲ, ನಡೆಯಿರಿ ಅಂತ. ಆದರೆ ಎಲ್ಲಿಗೆ? ಯಂಗ್ ಈಗಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಗೆ ಕಾಲಿಟ್ಟಿದ್ದೇ ಜುಲೈ 24ಕ್ಕೆ. ಅಂದರೆ ಇವರು ಸಮವಸ್ತ್ರವಿಲ್ಲದ ಸಿಪಾಯಿಗಿರಿ ಮುಗಿಸಿದ ದಿನ ಆ ಊರು ಭೂಮಿಯ ಮೇಲೆ ಇರಲೇ ಇಲ್ಲ. ಹೆಂಡತಿ ಮಿಸೌರಿ ದಡದಲ್ಲೇ ಇದ್ದಾಳೋ, ಗಾಡಿ ಹತ್ತಿ ಹೊರಟಿದ್ದಾಳೋ, ಬದುಕಿದ್ದಾಳೋ, ಯಾವುದೂ ತಿಳಿಯದು.

ಸುಮಾರು 80 ಜನ ಸೇನೆಯಲ್ಲೇ ಇನ್ನೊಂದು ಅವಧಿಗೆ ಉಳಿದರು. 200ಕ್ಕೂ ಹೆಚ್ಚು ಜನ ಒಟ್ಟಾಗಿ ಉತ್ತರಕ್ಕೆ ನಡೆದರು. ಆಗಸ್ಟ್ ಕೊನೆಗೆ ಈಗಿನ ಸ್ಯಾಕ್ರಮೆಂಟೋದಲ್ಲಿರುವ, ಜಾನ್ ಸಟ್ಟರ್ ಅನ್ನುವ ಜಮೀನುದಾರನ ಕೋಟೆ ತಲುಪಿ, ಅಲ್ಲಿಂದ ಸಿಯೆರಾ ನೆವಾಡಾ ಹತ್ತಿದರು. ದಾರಿಯಲ್ಲಿ ಡಾನರ್ ತಂಡದ ಬಿಡಾರ ಸಿಕ್ಕಿತು. ಹಿಂದಿನ ಚಳಿಗಾಲದಲ್ಲಿ ಹಿಮಕ್ಕೆ ಸಿಕ್ಕಿ 87 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸತ್ತಿದ್ದ ಜಾಗ. ಮೂಳೆಗಳು ಇನ್ನೂ ಹರಡಿಕೊಂಡಿದ್ದವು. ಅದನ್ನು ಕಣ್ಣಾರೆ ನೋಡಿದ ದಿನಗಳಲ್ಲೇ, ಸೆಪ್ಟೆಂಬರ್ ಮೊದಲ ವಾರ, ಎದುರಿನಿಂದ, ಕಾಯಿಲೆಯವರ ಜೊತೆ ಪ್ಯೂಬ್ಲೋಗೆ ಹೋಗಿದ್ದ ಇವರದೇ ಕ್ಯಾಪ್ಟನ್ ಜೇಮ್ಸ್ ಬ್ರೌನ್ ಬಂದ. ಅವನ ಕೈಯಲ್ಲಿ ಹಿರಿಯರ ಪತ್ರ. ಸಾಲ್ಟ್ ಲೇಕ್‌ನಲ್ಲಿ ಆಹಾರ ಸಾಲದು, ಬುತ್ತಿ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲೇ ದುಡಿದು ವಸಂತಕ್ಕೆ ಬನ್ನಿ ಅಂತ.

ಆ ರಾತ್ರಿ ಅವರ ಮುಂದೆ ಇದ್ದ ದಾರಿಗಳನ್ನು ನೋಡಿ. ಮುಂದೆ ಹೋದರೆ ಹಸಿದ ಊರಿಗೆ ಇನ್ನೊಂದಿಷ್ಟು ಹಸಿದ ಹೊಟ್ಟೆಗಳು. ಹೆಂಡತಿ ಅಲ್ಲಿಗೆ ಬಂದಿರದಿದ್ದರೆ ಮತ್ತೆ ಮಿಸೌರಿವರೆಗೆ ಸಾವಿರ ಮೈಲಿ, ಚಳಿಗಾಲದಲ್ಲಿ. ಹಿಂದೆ ಹೋದರೆ ಹೊಟ್ಟೆ ತುಂಬುತ್ತದೆ, ಕೂಲಿ ಸಿಗುತ್ತದೆ, ಆದರೆ ಮನೆ ಇನ್ನೊಂದು ವರ್ಷ ದೂರ. ಸುಮಾರು ಅರ್ಧ ಜನ ಹಿಂದಿರುಗಿದರು. ಮುಂದೆ ಹೋದವರಲ್ಲಿ 30 ಚಿಲ್ಲರೆ ಜನ ಸಾಲ್ಟ್ ಲೇಕ್‌ನಲ್ಲೂ ನಿಲ್ಲದೆ ನಡೆದು ಡಿಸೆಂಬರ್ 18ಕ್ಕೆ ಮಿಸೌರಿ ದಡ ಸೇರಿದರು. ಯಾರು ಸರಿ ಮಾಡಿದರು ಅಂತ ಹುಡುಗರು ಕೇಳುತ್ತಾರೆ. ಚಿಕ್ಕ ಮಕ್ಕಳಿದ್ದವನಿಗೆ ಒಂದು ಉತ್ತರ, ಮದುವೆಯಾಗದ ಹುಡುಗನಿಗೆ ಇನ್ನೊಂದು ಅಂತ ನಾನು ಹೇಳುವುದು.

ಹಿಂದಿರುಗಿದವರಿಂದಲೇ ನಿಮ್ಮ ಚಿನ್ನದ ಕಥೆ ಶುರು. ಅವರಲ್ಲಿ ಎಷ್ಟೋ ಜನ ಸಟ್ಟರ್ ಹತ್ತಿರ ಕೂಲಿಗೆ ಸೇರಿದರು. ಕೆಲವರಿಗೆ ಹಿಟ್ಟಿನ ಗಿರಣಿ ಕಟ್ಟುವ ಕೆಲಸ, ಆರು ಜನರಿಗೆ ಅಮೆರಿಕನ್ ನದಿ ದಡದ ಕೊಲೋಮಾದಲ್ಲಿ ಮರ ಕೊಯ್ಯುವ ಮಿಲ್ಲಿನ ಕೆಲಸ. 1848ರ ಜನವರಿ 24ಕ್ಕೆ ಆ ಮಿಲ್ಲಿನ ನೀರು ಹೊರಹೋಗುವ ಕಾಲುವೆಯಲ್ಲಿ ಮೇಸ್ತ್ರಿ ಜೇಮ್ಸ್ ಮಾರ್ಷಲ್‌ಗೆ ಚಿನ್ನ ಕಂಡಿತು. ಆ ತಾರೀಕು ನಮಗೆ ಗೊತ್ತಿರುವುದೇ ಹೆನ್ರಿ ಬಿಗ್ಲರ್ ಅನ್ನುವ ಮಾಜಿ ಸಿಪಾಯಿಯ ಡೈರಿಯಿಂದ. ಚಿನ್ನದ ಥರ ಕಾಣುವ ಎಂಥದೋ ಲೋಹ ಕಾಲುವೆಯಲ್ಲಿ ಸಿಕ್ಕಿತು, ಮೊದಲು ಕಂಡಿದ್ದು ನಮ್ಮ ಮೇಸ್ತ್ರಿ ಅಂತ ಬರೆದಿದ್ದಾನೆ, ಅದೂ ತಪ್ಪು ಕಾಗುಣಿತದಲ್ಲಿ. ಜಗತ್ತನ್ನೇ ಅಲ್ಲಾಡಿಸಿದ ಸುದ್ದಿ ಕೂಲಿಯವನ ಡೈರಿಯಲ್ಲಿ ಒಂದು ವಾಕ್ಯ. ಮಾರ್ಚ್‌ನಲ್ಲಿ ಇನ್ನಿಬ್ಬರು ಮಾಜಿ ಸಿಪಾಯಿಗಳು ಅಮೆರಿಕನ್ ನದಿಯಲ್ಲಿ ಇನ್ನೊಂದು ಕಡೆ ಚಿನ್ನ ಕಂಡರು. ಅದಕ್ಕೆ ಮಾರ್ಮನ್ ಐಲ್ಯಾಂಡ್ ಅಂತ ಹೆಸರು ಬಂತು. ಅದು ಈಗ ನಿಮ್ಮ ಫೋಲ್ಸಮ್ ಕೆರೆಯ ತಳದಲ್ಲಿದೆ! ಬರಗಾಲದ ವರ್ಷ ನೀರು ತೀರಾ ಇಳಿದಾಗ ಹಳೇ ಊರಿನ ಕಲ್ಲು, ಇಟ್ಟಿಗೆ ಕಾಣುತ್ತವೆ.

ಹಾಗಾದರೆ ಬಿಟ್ಟು ಹೊರಟದ್ದೇಕೆ? ಗುರು ಕರೆದ ಅನ್ನುವುದು ನಿಜ, ಆದರೆ ಅಷ್ಟೇ ಅಲ್ಲ. ಎರಡು ವರ್ಷದಿಂದ ಮುಖ ನೋಡದ ಹೆಂಡತಿ ಮಕ್ಕಳು ಬೆಟ್ಟದ ಆ ಕಡೆ ಇದ್ದರು. ಇನ್ನೊಂದು, ಅವರು ಬರಿಗೈಲಿ ಹೋಗಲಿಲ್ಲ. ಮಾರ್ಮನ್ ಐಲ್ಯಾಂಡ್‌ನಲ್ಲಿ ತಿಂಗಳುಗಟ್ಟಲೆ ಚಿನ್ನ ತೊಳೆದರು. ಮೇ ಮೊದಲಲ್ಲೇ ಕೆಲವರು ದಾರಿ ನೋಡಲು ಬೆಟ್ಟ ಹತ್ತಿ, ಹಿಮ ಜಾಸ್ತಿ ಅಂತ ವಾಪಸಾಗಿದ್ದರು. ಹಿಮ ಕರಗುವವರೆಗೆ ಹೇಗೂ ಕಾಯಬೇಕಿತ್ತು, ಕಾಯುವಾಗ ಚಿನ್ನ ತೊಳೆದರು ಅನ್ನಿ. ಕೆಲವರು ಹೋಗಲೇ ಇಲ್ಲ, ಅಲ್ಲೇ ಉಳಿದರು. ತಮಾಷೆ ಏನಂದರೆ, ಹೊರಟುಹೋದ ಬಿಗ್ಲರ್‌ನನ್ನು ಮರುವರ್ಷ ಪಂಥದ ಹಿರಿಯರೇ ಚಿನ್ನ ತೆಗೆಯಲು ಕ್ಯಾಲಿಫೋರ್ನಿಯಾಗೆ ವಾಪಸ್ ಕಳಿಸಿದರು. ಅವನಿಗೆ ಮನಸ್ಸಿರಲಿಲ್ಲ, ಆದರೂ ಹೋದ.

ಜುಲೈ 3ರ ಸುಮಾರಿಗೆ ಪ್ಲಾಸರ್ವಿಲ್ ಹತ್ತಿರದ ಪ್ಲೆಸೆಂಟ್ ವ್ಯಾಲಿಯಿಂದ ಹೊರಟಿದ್ದು 45 ಗಂಡಸರು, ಒಬ್ಬಳೇ ಹೆಂಗಸು, 17 ಗಾಡಿ, ಜೊತೆಗೆ ಸಟ್ಟರ್ ಹತ್ತಿರ ಕೊಂಡ ಎರಡು ಸಣ್ಣ ಹಿತ್ತಾಳೆ ಫಿರಂಗಿ. ಆ ಹೆಂಗಸು ಮೆಲಿಸ್ಸಾ ಕೋರೇ. 18ನೇ ವಯಸ್ಸಿಗೆ ಮದುವೆಯಾಗಿ ಗಂಡನ ಜೊತೆಯಲ್ಲೇ ಸೇನೆಯ ಹಿಂದೆ ನಡೆದವಳು. ಮಾಂಟೆರೇಯಲ್ಲಿ ಹೆತ್ತ ಮೊದಲ ಮಗುವನ್ನು ಅಲ್ಲೇ ಮಣ್ಣು ಮಾಡಿ ಬಂದಿದ್ದಳು. ಈ ಪ್ರಯಾಣ ಮುಗಿದು ಆರು ತಿಂಗಳೊಳಗೆ ಗಂಡ ಕ್ಷಯದಿಂದ ತೀರಿಕೊಂಡ. ಈಗ ಆ ದಾರಿಯ ಪಕ್ಕದ ಒಂದು ಶಿಖರಕ್ಕೆ ಅವಳ ಹೆಸರಿದೆ.

ಡಾನರ್ ಬಿಡಾರದ ಕಡೆ ಹೋಗುವ ಹಳೇ ಟ್ರಕ್ಕಿ ನದಿ ದಾರಿ ಇದ್ದರೂ ಹೊಸ ದಾರಿ ಯಾಕೆ ಹುಡುಕಿದರು? ಆ ಕಣಿವೆಯಲ್ಲಿ ಒಂದೇ ನದಿಯನ್ನು 20ಕ್ಕೂ ಹೆಚ್ಚು ಸಲ ದಾಟಬೇಕು. ಬೇಸಿಗೆಯ ಮೊದಲಲ್ಲಿ ಹಿಮ ಕರಗಿ ನೀರು ಸೆಳೆಯುತ್ತಿರುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಬೆಟ್ಟದ ಏಣಿನ ಮೇಲೇ ಹೋಗೋಣ ಅಂದುಕೊಂಡರು. ಡೇನಿಯಲ್ ಬ್ರೋವೆಟ್, ಎಜ್ರಾ ಆ್ಯಲನ್, ಹೆಂಡರ್ಸನ್ ಕಾಕ್ಸ್ ಈ ಮೂವರು ಜೂನ್ ಕೊನೆಯಲ್ಲೇ ದಾರಿ ನೋಡಿಬರಲು ಮುಂದೆ ಹೋದರು. ತಿರುಗಿ ಬರಲಿಲ್ಲ.

ಜುಲೈ 19ಕ್ಕೆ ಉಳಿದವರು ಆ ಒರತೆಗೆ ಬಂದಾಗ ಪಕ್ಕದಲ್ಲಿ ಹೊಸದಾಗಿ ಮುಚ್ಚಿದ ಮಣ್ಣು ಕಂಡಿತು. ಅಗೆದರು. ಮೂವರೂ ಒಂದೇ ಗುಂಡಿಯಲ್ಲಿ, ಮೈಮೇಲೆ ಬಟ್ಟೆ ಇರಲಿಲ್ಲ. ಸುತ್ತ ಮುರಿದ ಬಾಣಗಳು, ರಕ್ತದ ಕಲ್ಲುಗಳು. ಹಾಗೇ ಹುಡುಕುವಾಗ ಕಲ್ಲುಗಳ ನಡುವೆ ಆ್ಯಲನ್ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಚರ್ಮದ ಸಂಚಿ ಸಿಕ್ಕಿತು. ಒಳಗೆ ಚಿನ್ನದ ಪುಡಿ ಹಾಗೇ ಇತ್ತು.

ನಿಮ್ಮ ಎರಡನೇ ಸ್ನೇಹಿತರ ಮಾತಿಗೆ ಉತ್ತರ ಈ ಸಂಚಿ. ಚಿನ್ನಕ್ಕಾಗಿ ಕೊಂದವರು ಚಿನ್ನ ಬಿಟ್ಟು ಅಂಗಿ ಒಯ್ಯುವುದು ಕಷ್ಟ. ಕೊಂದವರು ಯಾರು? ಒರತೆ ಪಕ್ಕದ ಮರದಲ್ಲಿ ಉಳಿದ ಸಿಪಾಯಿಗಳು ಕೆತ್ತಿದ್ದನ್ನು ಗಮನವಿಟ್ಟು ಓದಿ. ಮೂವರ ಹೆಸರು, ಆಮೇಲೆ ‘1848ರ ಜೂನ್ 27ರ ರಾತ್ರಿ ಇಂಡಿಯನ್ನರು (ಅಲ್ಲಿನ ಮೂಲನಿವಾಸಿಗಳು) ಕೊಂದು ಹೂತಿದ್ದಾರೆ ಎಂದು ಊಹಿಸಲಾಗಿದೆ’ ಅನ್ನುವ ಅರ್ಥದ ಮಾತು. ‘ಊಹಿಸಲಾಗಿದೆ’. ಗೆಳೆಯರ ಹೆಣ ಎದುರಿಗಿರುವಾಗಲೂ, ಚಾಕುವಿನಲ್ಲಿ ಒಂದೊಂದೇ ಅಕ್ಷರ ಕೊರೆಯುವಾಗಲೂ, ಆ ಪದವನ್ನು ಅವರು ಬಿಡಲಿಲ್ಲ. ಬಾಣಗಳಿದ್ದವು ನಿಜ. ಕೊಂದವರು ಇಂಥವರೇ ಅಂತ ಯಾವತ್ತೂ ಸಾಬೀತಾಗಲಿಲ್ಲ. ಅದು ಮಿವೊಕ್ ಮತ್ತು ವಾಶೋ ಅನ್ನುವ ಮೂಲನಿವಾಸಿ ಜನ ಓಡಾಡುತ್ತಿದ್ದ ಬೆಟ್ಟ. ಅವರ ಕಡೆಯಿಂದ ನೋಡಿದರೆ ನಡುರಾತ್ರಿ ತಮ್ಮ ನೀರಿನ ಹತ್ತಿರ ಮಲಗಿದ್ದವರು ಬಂದೂಕು ಹಿಡಿದ ಅಪರಿಚಿತರು. ಮರ ಆಮೇಲೆ ಉರುಳಿತು, ಕೆತ್ತನೆ ಇದ್ದ ತುಂಡನ್ನು ಕತ್ತರಿಸಿ ಜೋಪಾನ ಮಾಡಿದ್ದಾರೆ.

ಸಂಚಿ ಆ್ಯಲನ್‌ನ ಹೆಂಡತಿ ಸಾರಾಗೆ ತಲುಪಿತು. ಆಕೆ ಆಗ ಇನ್ನೂ ಅಯೋವಾದಲ್ಲೇ ಮಕ್ಕಳ ಜೊತೆ ಕಾಯುತ್ತಿದ್ದಳು. ಸ್ವಲ್ಪ ಚಿನ್ನದಲ್ಲಿ ಒಂದು ಉಂಗುರ ಮಾಡಿಸಿಕೊಂಡಳು. ಉಳಿದದ್ದು ಅವಳು ಯೂಟಾಕ್ಕೆ ಹೊರಡುವ ಖರ್ಚಿಗಾಯಿತು. ಮಾವನವರಿಗೆ ಇದನ್ನು ಹೇಳಿ. ಚಿನ್ನ ಮನೆಗೆ ಹೋಯಿತು, ಮನುಷ್ಯ ಹೋಗಲಿಲ್ಲ.

ಅಲ್ಲಿಂದ ಮುಂದಿನದು ರಸ್ತೆ ಕಡಿಯುವ ಕೆಲಸ. ಮೊದಲು 9,000 ಅಡಿ ಮೀರಿದ ಒಂದು ಏಣು, ಅದನ್ನಿಳಿದು ಕಾರ್ಸನ್ ಪಾಸ್ ಅನ್ನುವ ಘಟ್ಟದ ದಾರಿ. ಈ ಪಾಸ್ ಅನ್ನು ಇವರೇ ‘ಕಂಡುಹಿಡಿದರು’ ಅನ್ನುವುದು ಇನ್ನೊಂದು ತಪ್ಪು ಮಾತು. ಸೇನೆಯ ಪರಿಶೋಧಕ ಫ್ರೀಮಾಂಟ್, ಅವನ ದಾರಿತೋರುಗ ಕಿಟ್ ಕಾರ್ಸನ್ 1844ರ ಫೆಬ್ರವರಿಯಲ್ಲೇ ಇಲ್ಲಿ ಹಿಮದಲ್ಲಿ ದಾಟಿದ್ದರು. ವಾಶೋ ಜನಕ್ಕೆ ಅದು ಹಿತ್ತಲು. ಇವರು ಮಾಡಿದ್ದು ಗಾಡಿ ಹೋಗುವ ದಾರಿ. ಕೆಳಗಿನ ಹಸಿರು ಕಣಿವೆಗೆ ಇಳಿದಾಗ ಜೀವ ಬಂದಂತಾಗಿ ಹೋಪ್ ವ್ಯಾಲಿ ಅಂತ ಹೆಸರಿಟ್ಟರು. ಅದರಾಚೆ ಕಾರ್ಸನ್ ನದಿಯ ಇಕ್ಕಟ್ಟಿನಲ್ಲಿ ದೊಡ್ಡ ಬಂಡೆಗಳು ಅಡ್ಡ. ಸರಿಸಲು ಆಗದು. ಬಂಡೆ ಮೇಲೆ ಒಣ ಮರ ಪೇರಿಸಿ ಬೆಂಕಿ ಹಾಕಿದರು. ಕಾದ ಕಲ್ಲು ಬಿರುಕು ಬಿಟ್ಟ ಮೇಲೆ ಗುದ್ದಲಿಯಲ್ಲಿ ಕುಟ್ಟಿ ತೆಗೆದರು. ಕೋಲಾರದ ಕಡೆ ಕಲ್ಲುಕುಟಿಗರು ಬೆಂಕಿ ಹಾಕಿ ಬಂಡೆ ಎಬ್ಬಿಸುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೆ. ಬಿಗ್ಲರ್ ಡೈರಿ ಓದಿದಾಗ ಆ ಹೊಗೆಯ ವಾಸನೆಯೇ ಮೂಗಿಗೆ ಬಂತು.

ಮುಂದೆ ನೆವಾಡಾದ ಹಂಬೋಲ್ಟ್ ನದಿ ದಾರಿಯಲ್ಲಿ ಎದುರಿನಿಂದ ಕ್ಯಾಲಿಫೋರ್ನಿಯಾಗೆ ಹೊರಟ ಗಾಡಿಗಳು ಸಿಕ್ಕವು. ಅವರಿಗೆ ಚಿನ್ನದ ಸುದ್ದಿಯೇ ಗೊತ್ತಿಲ್ಲ. ಒಬ್ಬ ತನ್ನ ಸಂಚಿಯಿಂದ ಅಂಗೈಗೆ ಚಿನ್ನ ಸುರಿದು ತೋರಿಸಿದ. ಒಬ್ಬ ಮುದುಕ ತನ್ನ ಹಳೇ ಟೋಪಿ ನೆಲಕ್ಕೆ ಬಿಸಾಡಿ, ಅದರ ಮೇಲೆ ಎರಡೂ ಕಾಲಲ್ಲಿ ಕುಣಿದು, ಆಮೇಲೆ ಒದ್ದು ಹಾರಿಸಿ, ಇನ್ನು ನಾನು ಶ್ರೀಮಂತನಾಗಿಯೇ ಸಾಯುತ್ತೇನೆ ಅಂತ ಕೂಗಿದನಂತೆ. ಅವರು ಆ ಕಡೆ ಹೋದರು, ಇವರು ಈ ಕಡೆ. ಸೆಪ್ಟೆಂಬರ್ ಕೊನೆಯಿಂದ ಗುಂಪುಗುಂಪಾಗಿ ಸಾಲ್ಟ್ ಲೇಕ್ ಸೇರಿದರು. ಇವರು ಮನೆಗೆ ಹೋಗಲು ಕಡಿದ ದಾರಿಯಲ್ಲೇ ಮರುವರ್ಷ ಸಾವಿರಾರು ಜನ ಉಲ್ಟಾ ದಿಕ್ಕಿನಲ್ಲಿ ಚಿನ್ನಕ್ಕೆ ಬಂದರು.

ಈಗ ನಿಮ್ಮ ಪ್ರಯಾಣ. ನೀವಿರುವ ಫೋಲ್ಸಮ್ ಸಮುದ್ರಮಟ್ಟದಿಂದ 100 ಮೀಟರ್ ಕೂಡ ಇಲ್ಲ. ಕಾರ್ಸನ್ ಪಾಸ್ 2,613 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಎರಡು ಗಂಟೆಯಲ್ಲಿ ಕಾರು ಅಷ್ಟು ಮೇಲಕ್ಕೆ ಒಯ್ದುಬಿಡುತ್ತದೆ, ದೇಹ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ತಲೆನೋವು, ಏದುಸಿರು, ವಾಕರಿಕೆ ಬಂದರೆ ‘ಸ್ವಲ್ಪ ಕೂತರೆ ಸರಿಹೋಗುತ್ತೆ’ ಅಂತ ಕಾಯಬೇಡಿ, ಕೆಳಗೆ ಇಳಿಸಿ. ಬಿಪಿ ಇರುವುದರಿಂದ ಮೊದಲೇ ಡಾಕ್ಟರನ್ನು ಒಂದು ಮಾತು ಕೇಳಿ. ನಾನು ಇತಿಹಾಸದ ಮೇಷ್ಟ್ರು, ಮಾತ್ರೆಯ ವಿಷಯ ನನ್ನದಲ್ಲ.

ಅತ್ತೆಯವರಿಗೂ ಸುಲಭ ಅಂದರೆ ಟ್ರಾಜಿಡಿ ಸ್ಪ್ರಿಂಗ್ ಮತ್ತು ಕೊಲೋಮಾ. ಒರತೆ ರಸ್ತೆ ಪಕ್ಕದಲ್ಲೇ ಇದೆ, ಕೊಲೋಮಾ ಕೆಳಗಿದೆ. ಸ್ವಲ್ಪ ನಡೆಯಬೇಕು ಅನ್ನುವುದಾದರೆ ಕಾರ್ಸನ್ ಪಾಸ್‌ನಲ್ಲಿ ಗಾಡಿ ನಿಲ್ಲಿಸಿ ಫ್ರಾಗ್ ಲೇಕ್‌ವರೆಗೆ ಹೋಗಿ, ಸುಮಾರು ಒಂದು ಮೈಲಿ. ಬೆಳಿಗ್ಗೆ ಬೇಗ ಹೋಗಿ, ಹೂವಿನ ಕಾಲದಲ್ಲಿ ಪಾರ್ಕಿಂಗ್ ಸಿಗದು, ಮಧ್ಯಾಹ್ನ ಗುಡುಗು ಸಿಡಿಲು ಇರುತ್ತದೆ. ಒರತೆಯಿಂದ ಹಳೇ ಗಾಡಿ ದಾರಿ ಹಿಡಿದು ಮೇಲೆ ಹೋಗುವ ಆಸೆ ಬೇಡ. ಅದು ಜೀಪಿನವರ ಕಲ್ಲು ದಾರಿ, ನಿಮ್ಮ ಕಾರಿನ ಹೊಟ್ಟೆ ಹರಿಯುತ್ತದೆ. ನಕ್ಷೆಯಲ್ಲಿ ‘ಮಾರ್ಮನ್ ಎಮಿಗ್ರೆಂಟ್ ಟ್ರೈಲ್’ ಅಂತ ಟಾರು ರಸ್ತೆಯೊಂದು ಕಾಣುತ್ತದೆ, ಅದು ಬೇಸಿಗೆಗೆ ಸರಿ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹೈವೇ 88 ಚಳಿಗಾಲದಲ್ಲೂ ತೆರೆದಿರುತ್ತದೆ, ಆದರೆ ಹಿಮಗಾಳಿ ಬಂದರೆ ನಿಲ್ಲಿಸುತ್ತಾರೆ, ಚಕ್ರಕ್ಕೆ ಚೈನ್ ಬೇಕಾಗುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಾದರೆ ಕಾಡ್ಗಿಚ್ಚಿನ ಹೊಗೆ ಇದೆಯಾ ಅಂತ ಹೊರಡುವ ದಿನ ನೋಡಿಕೊಳ್ಳಿ.

ಇನ್ನೊಂದು. ಒರತೆ ಕಂಡ ಕೂಡಲೇ ನಿಮ್ಮ ಮಾವನವರು ಬೊಗಸೆ ಒಡ್ಡುತ್ತಾರೆ, ನಮ್ಮ ಹಿರಿಯರು ಹಾಗೇ. ತಲೆಗೆ ಚಿಮುಕಿಸಿಕೊಳ್ಳಲಿ, ಕುಡಿಯುವುದು ಬೇಡ. ಸಿಯೆರಾದ ನೀರು ಎಷ್ಟೇ ತಿಳಿಯಾಗಿದ್ದರೂ ಸೋಸದೆ ಕುಡಿದರೆ ಹೊಟ್ಟೆ ಕೆಡಬಹುದು. ಬಾಟಲಿ ನೀರು ಮನೆಯಿಂದಲೇ ಜಾಸ್ತಿ ತಗೊಂಡು ಹೋಗಿ.